ಬಾರದ ನೀರಿಗೆ ಬಿಟ್ಟ ಜಾಗ

ಹಾನಗಲ್ಲಿನ ಪೇಟೆಯಲ್ಲಿ ನಮ್ಮದು ಪೈಪು-ಪಂಪಿನ ಅಂಗಡಿ. ಅಪ್ಪ ಇಟ್ಟದ್ದು, ಅವರು ಹೋದಮೇಲೆ ನಾನು ನಡೆಸಿಕೊಂಡು ಬಂದದ್ದು. ನೀರು ಎಲ್ಲಿಂದ ಎಲ್ಲಿಗೆ ಹೋಗಬೇಕೆಂದು ಯಾರಾದರೂ ಹೇಳಿದರೆ ಸಾಕು, ಎಷ್ಟು ಪೈಪು, ಎಷ್ಟು ಎಲ್ಬೋ, ಎಂಥ ಪಂಪು ಬೇಕೆಂದು ಚಹಾ ಆರುವುದರೊಳಗೆ ಹೇಳಿಬಿಡುತ್ತೇನೆ. ಹೀಗೆ ಊರಿಗೆಲ್ಲ ನೀರು ಹರಿಸಿದ ನನಗೆ ನನ್ನ ಮನೆಯ ಹಾಲ್‌ನಲ್ಲಿ ನಾಲ್ಕು ಅಡಿ ಉದ್ದದ ಒಂದು ಸಮುದ್ರ ಇಡಲು ಹತ್ತಿರ ಹತ್ತಿರ ಒಂದು ವರ್ಷ ಹಿಡಿಯಿತು. ದೊಡ್ಡ ಸಮುದ್ರವನ್ನು ಮಾಡಿದವನು ಮನೆಮಂದಿಯನ್ನು ಕೇಳಿ ಮಾಡಿರಲಿಕ್ಕಿಲ್ಲ. ಅದಕ್ಕೇ ಅದು ಅಷ್ಟು ಸಲೀಸಾಗಿ ಆಗಿದೆ.

ಹುಚ್ಚು ಹತ್ತಿದ್ದು ಹುಬ್ಬಳ್ಳಿಯಲ್ಲಿ, ಹಲ್ಲಿನ ಡಾಕ್ಟರೊಬ್ಬರ ಹೊರಕೋಣೆಯಲ್ಲಿ. ದವಡೆ ಹಿಡಿದುಕೊಂಡು ಕುಳಿತಿದ್ದೆ. ಎದುರಿಗೆ ಗಾಜಿನದೊಂದು ಟಾಕಿ. ಎಲ್ಲರ ಮನೆಯಲ್ಲಿರುವ ಬಂಗಾರದ ಮೀನಿನದಲ್ಲ, ಉಪ್ಪುನೀರಿನದು. ಒಳಗೆ ಕಲ್ಲಿನ ಮೇಲೆ ಜೀವಂತ ಹವಳ. ಅದರ ಸಣ್ಣ ಬೆರಳುಗಳು ನೀರು ತಳ್ಳಿದತ್ತ ಬಾಗಿ, ನೀರು ಹಿಂದೆ ಸರಿದಾಗ ಏಳುತ್ತಿದ್ದವು. ನಡುವೆ ಬಿಳಿ ಪಟ್ಟೆಯ ಎರಡು ಕಿತ್ತಳೆ ಬಣ್ಣದ ಮೀನುಗಳು, ಯಾವ ಕೆಲಸವೂ ಇಲ್ಲದೆ, ಅದರ ಬಗ್ಗೆ ನಾಚಿಕೆಯೂ ಇಲ್ಲದೆ ಓಡಾಡುತ್ತಿದ್ದವು. ನನ್ನ ಹೆಸರು ಕೂಗಿದರು. ಪಕ್ಕದವರಿಗೆ ನೀವೇ ಮೊದಲು ಹೋಗಿ ಅಂದೆ. ಮತ್ತೆ ಕೂಗಿದಾಗಲೂ ಹಾಗೇ ಅಂದೆ. ಕೊನೆಗೆ ಡಾಕ್ಟರೇ ಹೊರಗೆ ಬಂದು, ನಾನು ಹೆದರಿದ್ದೇನೆಂದು ತಿಳಿದು, ಕೈಹಿಡಿದು ಒಳಗೆ ಕರೆದುಕೊಂಡು ಹೋದರು. ಹಲ್ಲು ಹೋಯಿತು, ಹುಚ್ಚು ಉಳಿಯಿತು.

ಯಾಕೆ ಬೇಕಾಗಿತ್ತು ಇದು ಎಂದು ಆಮೇಲೆ ಬಹಳ ಜನ ಕೇಳಿದ್ದಾರೆ. ನಮ್ಮ ಮನೆಯಲ್ಲಿ ಕೆಲಸಕ್ಕೆ ಬಾರದ ವಸ್ತು ಎಂಬುದು ಒಂದೂ ಇರಲಿಲ್ಲ. ಹರಿದ ಧೋತರ ನೆಲ ಒರೆಸಲಿಕ್ಕೆ, ತುಂಡು ಪೈಪು ಹೀರೆಬಳ್ಳಿಯ ಆಸರೆಗೆ, ಕೆಟ್ಟ ಪಂಪಿನ ಹೊಟ್ಟೆ ತುಳಸಿಗಿಡಕ್ಕೆ, ಐವತ್ತು ದಾಟಿದ ನಾನು ಅಂಗಡಿಗೆ. ಹೊಲಕ್ಕೆ, ಮನೆಗೆ, ಮೋರಿಗೆ ಉಪಯೋಗಕ್ಕೆ ಬರುವ ನೀರನ್ನೇ ಜೀವಮಾನವಿಡೀ ಹರಿಸಿದವನಿಗೆ, ಯಾವ ಉಪಯೋಗಕ್ಕೂ ಬಾರದೆ ಸುಮ್ಮನೆ ಹರಿಯುವ ಸ್ವಲ್ಪ ನೀರು ಬೇಕೆನಿಸಿತ್ತು. ಅಷ್ಟೇ ಕಾರಣ. ಇದನ್ನು ಗಟ್ಟಿಯಾಗಿ ಹೇಳಿದರೆ ಜನ ನನ್ನನ್ನು ಹಲ್ಲಿನ ಡಾಕ್ಟರ ಬದಲು ಬೇರೆ ಡಾಕ್ಟರ ಹತ್ತಿರ ಕಳಿಸುತ್ತಿದ್ದರು.

ಮನೆಯಲ್ಲಿ ಇರುವವರು ಮೂವರು: ನಾನು, ಅವ್ವ, ನನ್ನ ಹೆಂಡತಿ. ಹೆಂಡತಿ ಶಿಗ್ಗಾವಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ಮುಂಜಾನೆ ಬಸ್ಸಿಗೆ ಹೋದರೆ ಬಂಕಾಪುರದ ಮೇಲೆ ಹಾಯ್ದು ಸಂಜೆಗೆ ಮರಳುತ್ತಾಳೆ. ನಮ್ಮ ಹಾಲ್‌ಗೆ ಆಕೆ ತನ್ನ ಪಗಾರದಿಂದ ಕರಿ ಗ್ರಾನೈಟ್ ಫರಸಿ ಹಾಕಿಸಿದ್ದಳು. ಮುಖ ಕಾಣುವಷ್ಟು ನುಣುಪು. ಅದರ ಮೇಲೆ ಚಪ್ಪಲಿ ಬಿಡಿ, ನೆರಳು ಚೆಲ್ಲುವುದಕ್ಕೂ ನಮಗೆಲ್ಲ ಅಂಜಿಕೆ. ನಾನು ಸಮುದ್ರದ ವಿಷಯ ತೆಗೆದಾಗ ಆಕೆ ಕೈಯಲ್ಲಿದ್ದ ಉತ್ತರಪತ್ರಿಕೆಯಿಂದ ತಲೆ ಎತ್ತದೆ ಹೇಳಿದಳು:

"ಇಡ್ರಿ. ಆದ್ರ ಆ ಟಾಕಿಯಿಂದ ಒಂದು ತಂಬಿಗಿ ನೀರು ನನ್ನ ಫರಸಿ ಮ್ಯಾಲ ಚೆಲ್ಲಿದ ದಿನ ಅದು ಈ ಮನಿ ಬಿಡಬೇಕು. ಮತ್ತ ಅದರ ಮಾತ ತಗೀಬ್ಯಾಡ್ರಿ."

ಗಣಿತದವರ ಮಾತಿಗೆ ಉತ್ತರ ಒಂದೇ ಇರುತ್ತದೆ. ಒಪ್ಪಿಕೊಂಡೆ.

ಇನ್ನು ನೀರಿನ ಹಾದಿ. ಮೇಲೆ ಮೀನಿನ ಟಾಕಿ. ಅದರ ಹಿಂದಿನ ಗಾಜಿಗೆ ತೂತು, ತೂತಿಗೆ ಪೈಪು. ತುಂಬಿ ತುಳುಕಿದ ನೀರು ಆ ಪೈಪಿನಲ್ಲಿ ಇಳಿದು, ಕೆಳಗೆ ಕಪಾಟಿನೊಳಗೆ ಕೂತಿರುವ ಇನ್ನೊಂದು ಟಾಕಿಗೆ ಬೀಳುತ್ತದೆ. ಅಲ್ಲಿ ಸೋಸಿ ಸ್ವಚ್ಛವಾದದ್ದನ್ನು ಒಂದು ಪಂಪು ಮತ್ತೆ ಮೇಲಕ್ಕೆ ಕಳಿಸುತ್ತದೆ. ಹಗಲು ರಾತ್ರಿ ಇದೇ ಧಂದೆ. ತಮಾಷೆಯೆಂದರೆ, ಈ ಇಡೀ ಕಾರಭಾರದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಪಂಪಲ್ಲ, ಪೈಪಲ್ಲ, ಕೆಳಗಿನ ಟಾಕಿಯಲ್ಲಿ ಬಿಡಬೇಕಾದ ಖಾಲಿ ಜಾಗ. ಕರೆಂಟು ಹೋದರೆ ಪಂಪು ನಿಲ್ಲುತ್ತದೆ. ಆಗ ಮೇಲಿನ ಟಾಕಿಯ ಅಂಚಿನಲ್ಲಿದ್ದ ನೀರು, ಪೈಪುಗಳಲ್ಲಿದ್ದ ನೀರು ಎಲ್ಲವೂ ಕೆಳಗಿಳಿದು ಬರುತ್ತದೆ. ಅದಕ್ಕೆ ಜಾಗ ಇದ್ದರೆ ಸರಿ. ಇಲ್ಲದಿದ್ದರೆ ಅದು ಜಾಗ ಹುಡುಕಿಕೊಂಡು ಗ್ರಾನೈಟಿನ ಮೇಲೆ ಬರುತ್ತದೆ. ನಮ್ಮ ಕಡೆ ಕರೆಂಟು ಹೋಗುತ್ತದೆಯೋ ಇಲ್ಲವೋ ಎಂಬ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ?

ಈ ನಕ್ಷೆಯನ್ನು ಸೀಮೆಸುಣ್ಣದಿಂದ ಅಂಗಡಿಯ ನೆಲದ ಮೇಲೆಯೇ ಬರೆದೆ. ದೊಡ್ಡ ತಪ್ಪು. ಅಂಗಡಿಗೆ ಬರುವವರೆಲ್ಲ ನೀರಿನ ಮಂದಿ. ಮೊದಲು ನೋಡಿದವರು ಹಂಸಭಾವಿ ಕಡೆಯ ಒಬ್ಬ ಹಿರಿಯರು. ಮಗಳನ್ನು ಹಾನಗಲ್ಲಿಗೆ ಕೊಟ್ಟಿದ್ದರಿಂದ ಬಂದಾಗಲೆಲ್ಲ ಶುಂಠಿ ಹೊಲಕ್ಕೆ ಬೇಕಾದ ಹನಿ ನೀರಾವರಿ ಸಾಮಾನನ್ನು ನಮ್ಮಲ್ಲೇ ಒಯ್ಯುತ್ತಿದ್ದರು. ನಕ್ಷೆಯ ಸುತ್ತ ಒಂದು ಸುತ್ತು ಹಾಕಿದರು.

"ಎಷ್ಟ ಎಕರೆ ಸಾವ್ಕಾರ್ರ?"

"ಎಕರೆ ಅಲ್ರಿ ಗೌಡ್ರ, ನಾಕ ಫೂಟು."

"ನೀರು ಎಲ್ಲಿಗೆ ಹೊಕ್ಕೈತಿ?"

"ಮ್ಯಾಲಿಂದ ಕೆಳಗ."

"ಕೆಳಗ ಏನ್ ಬೆಳಿ ಐತಿ?"

"ಏನೂ ಇಲ್ಲ. ಅಲ್ಲಿಂದ ಮತ್ತ ಮ್ಯಾಲ ಹೊಕ್ಕೈತಿ."

ಗೌಡರು ನಕ್ಷೆಯ ಸುತ್ತ ಇನ್ನೊಂದು ಸುತ್ತು ಹಾಕಿದರು. ಆಮೇಲೆ ತಾವೇ ಎದುರಿನ ಹೋಟೆಲ್ಲಿಗೆ ಹೇಳಿ ನನಗೊಂದು ಚಹಾ ತರಿಸಿಕೊಟ್ಟರು, ದುಃಖದ ಮನೆಗೆ ಬಂದವರಂತೆ ಹತ್ತಿರ ಕುಳಿತು, "ಮನ್ಯಾಗ ಎಲ್ಲಾರೂ ಆರಾಮ ಅದಾರಲ್ರಿ?" ಎಂದು ಕೇಳಿದರು.

ಅಂದಿನಿಂದ ಸಲಹೆಗಳ ಮಳೆ. ಒಬ್ಬರು ಮೂರು ಎಚ್‌.ಪಿ. ಮೋಟರಿಗಿಂತ ಕಡಿಮೆ ಹಾಕಬೇಡ ಅಂದರು. ಆ ಮೋಟರನ್ನು ಹಾಕಿದರೆ ಮೀನು ಮಾತ್ರವಲ್ಲ, ಅವ್ವನೂ ಗೋಡೆ ದಾಟಿ ಪಕ್ಕದ ಮನೆಗೆ ಹೋಗುತ್ತಿದ್ದಳು. ಇನ್ನೊಬ್ಬರು ಹರಿಯುವ ನೀರನ್ನು ಹಾಗೇ ಬಿಡುವುದು ಪಾಪ, ನಡುವೆ ಎರಡು ಮಡಿ ಕೊತ್ತಂಬರಿಯಾದರೂ ಹಾಕು ಅಂದರು. ಉಪ್ಪುನೀರು ಎಂದು ಹೇಳಿದೆ. ಹಾಗಾದರೆ ಮೊದಲು ಬೋರನ್ನು ಬದಲಿಸು ಅಂದರು. ಹುಚ್ಚು ಮುಂಡೆ ಮದುವೆಯಲ್ಲಿ ಉಂಡವನೇ ಜಾಣ ಎನ್ನುತ್ತಾರಲ್ಲ, ಹಾಗೆ ನನ್ನ ಸಮುದ್ರದ ಹೆಸರಿನಲ್ಲಿ ಎದುರಿನ ಹೋಟೆಲ್ಲಿನವನ ಚಹಾ ವ್ಯಾಪಾರ ಮಾತ್ರ ಚೆನ್ನಾಗಿ ನಡೆಯಿತು.

ಕೆಲಸಕ್ಕೆ ಕೈಹಾಕಿದವನು ಸವಣೂರಿನ ನನ್ನ ದೋಸ್ತ. ಕಾಲೇಜಿನಿಂದಲೂ ಜೊತೆಗಾರ, ಮೋಟರ್ ವೈಂಡಿಂಗ್ ಮಾಡುವವನು. ಚಹಾದ ಜೊತೆ ಮೆಲ್ಲುವ ಸವಣೂರು ಖಾರದ ಒಂದು ಪೊಟ್ಟಣ ಮತ್ತು ಒಂದು ದೊಡ್ಡ ಹಿತ್ತಾಳೆಯ ವಾಲ್ವು ಹಿಡಿದುಕೊಂಡು ಬಂದ. ವಾಲ್ವನ್ನು ಮಗುವನ್ನು ಎತ್ತಿಕೊಂಡಂತೆ ಎತ್ತಿಕೊಂಡಿದ್ದ. ಹಿತ್ತಾಳೆಯ ಚೂರು ನೀರಿಗೆ ಬಿಟ್ಟರೂ ಹವಳ ಸಾಯುತ್ತದೆ, ಪ್ಲಾಸ್ಟಿಕ್ಕೇ ಬೇಕು ಎಂದೆ. ಮೂರು ತಲೆಮಾರು ಬಾಳುವ ವಾಲ್ವನ್ನು ಬೇಡವೆನ್ನುವ ಪ್ರಾಣಿಯನ್ನು ಮನೆಗೆ ತರುವುದು ಒಳ್ಳೆಯದಲ್ಲ ಎಂದು ಅವನ ಅಭಿಪ್ರಾಯ. ಖಾರವನ್ನು ಪೂರ್ತಿ ಅವನೇ ತಿಂದ.

ಅದಕ್ಕಿಂತ ದೊಡ್ಡ ಜಗಳ ಆದದ್ದು ತೂತಿನ ವಿಷಯಕ್ಕೆ. ನೀರು ಮೇಲೆ ಹೋಗುವ ಪೈಪಿನ ಬಾಯಿಯ ಹತ್ತಿರ, ನೀರಿನ ಮಟ್ಟಕ್ಕೆ ತುಸು ಕೆಳಗೆ, ಒಂದು ಸಣ್ಣ ತೂತು ಇರಬೇಕು. ಪಂಪು ನಿಂತಾಗ ಆ ತೂತಿನಿಂದ ಗಾಳಿ ನುಗ್ಗಿ, ಪೈಪು ನೀರನ್ನು ಹಿಂದಕ್ಕೆ ಎಳೆಯುವುದು ತಪ್ಪುತ್ತದೆ. ಇಲ್ಲದಿದ್ದರೆ ಮೇಲಿನ ಟಾಕಿಯ ಬಹುಪಾಲು ಕೆಳಗೆ ಬಂದುಬಿಡುತ್ತದೆ. ಸೋರುವುದಿಲ್ಲ ಎಂದು ಆಣೆ ಮಾಡಿ ಪೈಪು ಮಾರುವ ನಾನು ಹೊಸ ಪೈಪಿಗೆ ಡ್ರಿಲ್ ಹಿಡಿದದ್ದನ್ನು ನೋಡಿ ದೋಸ್ತ ಕಣ್ಣು ಮುಚ್ಚಿಕೊಂಡ. ಈ ಸುದ್ದಿ ಪೇಟೆಗೆ ಹೋದರೆ ನಾಳೆಯಿಂದ ಗಿರಾಕಿ ಬರುವುದಿಲ್ಲ ಅಂದ.

ಮೊದಲ ಪರೀಕ್ಷೆಯನ್ನು ಹಿತ್ತಲಲ್ಲಿ, ಸಿಹಿನೀರಿನಲ್ಲಿ ಮಾಡಿದೆವು. ಸ್ವಿಚ್ಚು ಹಾಕುವ ಮೊದಲು ಅವ್ವ ಬೋರಿನ ಪೂಜೆ ಮಾಡಿದಂತೆಯೇ ಪಂಪಿಗೆ ವಿಭೂತಿ, ಕುಂಕುಮ ಹಚ್ಚಿ, ಕಾಯಿ ಒಡೆಸಿ, ಗಂಗವ್ವನ ಉಡಿ ತುಂಬಿದಳು. ನೀರು ಹೊರಟಿತು. ಜೊತೆಗೆ ಇಳಿಯುವ ಪೈಪಿನಿಂದ ಗೊಳಕ್ ಗೊಳಕ್ ಎಂಬ ಸದ್ದು. ಒಳಗೆ ಹೋಗಿದ್ದ ಅವ್ವ ಅಡುಗೆಮನೆಯಿಂದಲೇ, ಎಮ್ಮೆಯನ್ನು ಯಾವಾಗ ತಂದಿರಿ, ಅದಕ್ಕೆ ಕುಡಿಯಲು ಬಾನಿ ಯಾರು ಇಟ್ಟರು ಎಂದು ಕೇಳಿದಳು. ಪೈಪಿನಲ್ಲಿ ಗಾಳಿ ನೀರು ಎರಡೂ ಜಗಳಾಡುತ್ತ ಇಳಿದರೆ ಹೀಗಾಗುತ್ತದೆ. ವಾಲ್ವನ್ನು ಕೂದಲೆಳೆಯಷ್ಟು ತಿರುಗಿಸುತ್ತ, ಕೇಳುತ್ತ, ಮತ್ತೆ ತಿರುಗಿಸುತ್ತ ಕುಳಿತೆವು. ಮಧ್ಯಾಹ್ನಕ್ಕೆ ಸದ್ದು ಅಡಗಿತು. ದೋಸ್ತ ಮೊದಲ ಬಾರಿ ನಕ್ಕ.

ಆಮೇಲೆ ಟಾಕಿ ಹಾಲ್‌ಗೆ ಬಂತು, ಒಳಬಾಗಿಲ ಪಕ್ಕದ ಗೋಡೆಗೆ ಹತ್ತಿ ನಿಂತಿತು. ಸಮುದ್ರದ ಉಪ್ಪು ಚೀಲದಲ್ಲಿ ಬಂತು. ಫಿಲ್ಟರ್ ನೀರಿಗೆ ಅದನ್ನು ಕಲಸಿ ಕಲಸಿ ನನ್ನ ತೋಳು ಬಿದ್ದುಹೋದವು. ಅವ್ವ ಒಂದು ಹನಿ ನಾಲಿಗೆಗೆ ಹಚ್ಚಿ ನೋಡಿ ಮುಖ ಕಿವುಚಿದಳು. ಕುಡಿಯಲಿಕ್ಕಿಲ್ಲ, ಬಟ್ಟೆ ಒಗೆಯಲಿಕ್ಕಿಲ್ಲ, ದನಕ್ಕಿಲ್ಲ, ಗಿಡಕ್ಕಿಲ್ಲ, ಇಂಥ ನೀರನ್ನು ಖರ್ಚು ಮಾಡಿ ತಯಾರಿಸಿದವನನ್ನು ತಾನು ಹೆತ್ತೆನಲ್ಲ ಎಂದು ಆಕೆಗೆ ಕಸಿವಿಸಿ. ಕೊನೆಗೆ ತೆಂಗಿನ ಗಿಡಕ್ಕೆ ಉಪ್ಪು ಹಾಕುತ್ತಾರೆಂಬುದು ನೆನಪಾಗಿ, ನಾನು ಬದಲಿಸಿ ಚೆಲ್ಲುವ ನೀರನ್ನೆಲ್ಲ ಹಿತ್ತಲಿನ ತೆಂಗಿಗೆ ಹೊತ್ತು ಹಾಕಿ ಸ್ವಲ್ಪ ಸಮಾಧಾನಪಟ್ಟಳು.

ಮೀನು ಬಿಡುವ ಮೊದಲು ನೀರು ಪಕ್ವವಾಗಲಿ ಎಂದು ತಿಂಗಳುಗಟ್ಟಲೆ ಬರಿ ಕಲ್ಲು ನೋಡುತ್ತ ಕಳೆದೆ. ಓಣಿಯವರು ಬಂದು, ಕಲ್ಲು ಯಾವಾಗ ದೊಡ್ಡವಾಗುತ್ತವೆ ಎಂದು ವಿಚಾರಿಸಿ ಹೋಗುತ್ತಿದ್ದರು. ಆಮೇಲೆ ಹುಬ್ಬಳ್ಳಿಗೆ ಹೋಗಿ ಎರಡು ಕಿತ್ತಳೆ ಮೀನು, ಒಂದು ತುಂಡು ಹವಳ ತಂದೆ. ಬಸ್ಸಿನ ಕುಲುಕಾಟ ಬೇಡವೆಂದು ಪ್ಯಾಸೆಂಜರ್ ರೈಲು ಹಿಡಿದೆ. ಯಲವಿಗಿಯಲ್ಲಿ ಇಳಿದರೆ ದೋಸ್ತ ಸವಣೂರಿನಿಂದ ಕಾರು ತರುವುದೆಂದು ಮಾತಾಗಿತ್ತು. ತೊಡೆಯ ಮೇಲೆ ಥರ್ಮೊಕೋಲ್ ಡಬ್ಬಿ. ಎದುರಿಗೆ ಕುಳಿತ ಅಜ್ಜ ಏನದು ಎಂದು ಕೇಳಿದ. ಮೀನು ಎಂದೆ. ನನ್ನ ಹಣೆಯ ಮೇಲಿನ ವಿಭೂತಿಯನ್ನೂ ಡಬ್ಬಿಯನ್ನೂ ಒಮ್ಮೆ ನೋಡಿ, ಆಚೆ ಸರಿದು ಕುಳಿತ. ಇದು ತಿನ್ನುವುದಲ್ಲ, ನೋಡುವುದು ಎಂದು ಇಡೀ ಬೋಗಿಗೆ ಕೇಳುವಂತೆ ವಿವರಿಸಿದೆ. ಅದರಿಂದ ಸಂಶಯ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ.

ಇಷ್ಟೆಲ್ಲ ಆದಮೇಲೆ ಸಮುದ್ರ ಸುಖವಾಗಿ ನಡೆಯಿತು. ನಾನು ಅಂಗಡಿಯಿಂದ ಬಂದು ಅದರ ಮುಂದೆ ಕುರ್ಚಿ ಹಾಕಿಕೊಂಡು ಕೂಡುತ್ತಿದ್ದೆ. ಹವಳ ಬಾಗುವುದು, ಏಳುವುದು, ನಾನು ನೋಡುವುದು. ಸುಖವೆಂದರೆ ಇದೇ ಇರಬೇಕು ಎಂದು ಅನಿಸುತ್ತಿತ್ತು. ಫರಸಿಯ ಮೇಲೆ ಹನಿ ಬಿದ್ದಿರಲಿಲ್ಲ. ಹೆಂಡತಿ ಹೋಗುತ್ತ ಬರುತ್ತ ನೆಲದ ಕಡೆ ಒಮ್ಮೆ ಕಣ್ಣಾಡಿಸುತ್ತಿದ್ದಳು.

ಆದರೆ ಅವ್ವನಿಗೆ ಸಮಾಧಾನವಿರಲಿಲ್ಲ. ಅದಕ್ಕೆ ಕಾರಣ ಆ ಖಾಲಿ ಜಾಗ.

ನಮ್ಮ ಓಣಿಗೆ ನಳ ದಿನಾ ಬರುವುದಿಲ್ಲ. ಬಂದ ದಿನ ಅದು ಅವ್ವನ ದಿನ. ಈ ಮನೆಗೆ ಸೊಸೆಯಾಗಿ ಬಂದು ತಲೆಯ ಮೇಲೆ ಕೊಡ ಹೊತ್ತು ಕೆರೆಯಿಂದ ನೀರು ತಂದವಳು. ಈಗ ನೀರು ತಾನಾಗಿ ಬಾಗಿಲಿಗೆ ಬಂದಾಗ ಅದನ್ನು ಬರಿಗೈಯಲ್ಲಿ ಕಳಿಸುವುದು ಆಕೆಯ ಜಾಯಮಾನವಲ್ಲ. ಹಂಡೆ, ಕೊಡ, ಬ್ಯಾರಲ್, ಬಕೀಟು ತುಂಬಿದ ಮೇಲೆ ಪಾತೇಲಿ, ಪಾತೇಲಿ ಆದಮೇಲೆ ತಂಬಿಗೆ, ತಂಬಿಗೆ ಆದಮೇಲೆ ಕುಕ್ಕರ್. ಒಮ್ಮೆ ಅಂಗಡಿಯಲ್ಲಿ ಊಟಕ್ಕೆಂದು ಡಬ್ಬಿ ಬಿಚ್ಚಿದರೆ ಎರಡು ಖಾನೆಯಲ್ಲಿ ರೊಟ್ಟಿ ಪಲ್ಯ, ಮೂರನೆಯದರಲ್ಲಿ ನಳದ ನೀರು. ಖಾಲಿ ಇತ್ತಲ್ಲ, ಅದಕ್ಕೆ. ಇಂಥ ಹೆಂಗಸಿನ ಕಣ್ಣೆದುರಿಗೆ ಅರ್ಧ ಖಾಲಿಯಿರುವ ಒಂದು ಟಾಕಿ, ಅದೂ ಮನೆಯೊಳಗೆ.

ನಾನು ತಾಳ್ಮೆಯಿಂದ ತಿಳಿಸಿ ಹೇಳಿದೆ. ಕರೆಂಟು ಹೋದಾಗ ಮೇಲಿನ ನೀರು ಬರುತ್ತದೆ, ಅದು ಬರುವ ಜಾಗ ಅದು, ಅದನ್ನು ತುಂಬಬಾರದು ಎಂದೆ. ಅವ್ವ ಪೂರ್ತಿ ಕೇಳಿಸಿಕೊಂಡಳು.

"ಇನ್ನೂ ಬರಲಾರದ ನೀರಿಗೆ ಜಾಗಾ ಇಟ್ಟೀದಿ," ಅಂದಳು. "ಬಾಗಿಲಿಗೆ ಬಂದ ನೀರಿಗೆ ಇಲ್ಲ ಅಂತಿ. ಇದ್ಯಾ ಸೀಮಿ ಲೆಕ್ಕಪಾ?"

ನನಗೆ ಸಿಟ್ಟು ಬಂತು. ಮುಟ್ಟಬೇಡ ಅಂದರೆ ಮುಟ್ಟಬೇಡ ಎಂದು ಗದರಿ ಅಂಗಡಿಗೆ ಹೋದೆ. ನನ್ನ ವಿವರಣೆಗಳೆಲ್ಲ ಕೊನೆಗೆ ಹೀಗೇ ಮುಗಿಯುತ್ತವೆ.

ಅದಾಗಿ ಕೆಲವು ದಿನಗಳ ಮೇಲೆ, ಒಂದು ಮಧ್ಯಾಹ್ನ ಅಂಗಡಿಯಲ್ಲಿದ್ದಾಗ ಕರೆಂಟು ಹೋಯಿತು. ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅದಕ್ಕೆಂದೇ ಜಾಗ ಬಿಟ್ಟಿದ್ದೆನಲ್ಲ. ಮೇಲಿನ ಟಾಕಿಯೊಳಗೆ ಅಲೆ ಎಬ್ಬಿಸುವ ಸಣ್ಣ ಫ್ಯಾನನ್ನು ಇನ್ವರ್ಟರಿಗೆ ಜೋಡಿಸಿದ್ದರಿಂದ ಮೀನಿಗೆ ಗಾಳಿಯ ಚಿಂತೆಯೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಫೋನು ಬಂತು. ಅವ್ವ. ಆಕೆ ತಾನಾಗಿ ಫೋನು ಮಾಡುವುದು ಯಾರಾದರೂ ತೀರಿಹೋದಾಗ ಮಾತ್ರ.

"ಸಮುದ್ರ ಹೊರಗ ಬಂದೈತಿ," ಅಂದಳು. "ಲಗೂನ ಬಾ."

ಹೋಗಿ ನೋಡಿದರೆ ಹಾಲ್ ತುಂಬ ನೀರು. ಗ್ರಾನೈಟಿನ ಮೇಲೆ ನಿಂತ ನೀರಿನಲ್ಲಿ ಕಿಟಕಿ, ಬಾಗಿಲು, ದೇವರ ಫೋಟೋ ಎಲ್ಲ ತಲೆಕೆಳಗಾಗಿ ಕಾಣುತ್ತಿದ್ದವು. ಅವ್ವ ಸೀರೆ ಎತ್ತಿ ಕಟ್ಟಿಕೊಂಡು, ಹಳೆಯ ಧೋತರಗಳನ್ನು ಸುರುಳಿ ಸುತ್ತಿ, ಗದ್ದೆಗೆ ಒಡ್ಡು ಹಾಕಿದಂತೆ ದೇವರಮನೆಯ ಬಾಗಿಲಿಗೆ ಅಡ್ಡ ಹಾಕಿದ್ದಳು. ತಾಟಿನಿಂದ ನೀರು ಬಳಿದು ಬಕೀಟಿಗೆ ತುಂಬುತ್ತಿದ್ದಳು. ಚೆಲ್ಲುತ್ತಿರಲಿಲ್ಲ, ತುಂಬುತ್ತಿದ್ದಳು.

ಕಪಾಟಿನ ಬಾಗಿಲು ತೆರೆದಿತ್ತು. ಕೆಳಗಿನ ಟಾಕಿ ಬಾಯಿತನಕ ತುಂಬಿ ನಿಂತಿತ್ತು. ಕೇಳುವ ಅಗತ್ಯವಿರಲಿಲ್ಲ, ಆದರೂ ಕೇಳಿದೆ. ಮುಂಜಾನೆ ನಳ ಬಂದಿತ್ತಂತೆ, ಎಂದೂ ಇಲ್ಲದ ಜೋರಿನಲ್ಲಿ. ಎಲ್ಲ ತುಂಬಿದವಂತೆ. ನೀರು ಇನ್ನೂ ಬರುತ್ತಲೇ ಇತ್ತಂತೆ. ಹಾಗೇ ಬಿಟ್ಟಿದ್ದರೆ ಮುಂದಿನ ಓಣಿಯವರ ಪಾಲಾಗುತ್ತಿತ್ತಂತೆ. ಆ ಓಣಿಯವರು ನಮ್ಮವರಿಗೆ ಏನು ಮಾಡಿದ್ದಾರೋ ಗೊತ್ತಿಲ್ಲ, ಅವ್ವ ಮಾತ್ರ ಅವರಿಗೆ ಒಂದು ಕೊಡ ಹೆಚ್ಚು ಹೋಗುವುದನ್ನು ಸಹಿಸುವವಳಲ್ಲ.

"ಅದು ಉಪ್ಪಿನ ನೀರು, ಗೊತ್ತಿಲ್ಲೇನಬೇ ನಿನಗ?" ಅಂದೆ.

"ಗೊತ್ತೈತಿ. ನಾ ಏನ್ ಖೋಡಿ ಏನು? ಉಪ್ಪು ಹಾಕೇನಿ."

ಅಡುಗೆಮನೆಯ ಹರಳುಪ್ಪಿನ ಡಬ್ಬಿ ಟಾಕಿಯ ಪಕ್ಕದಲ್ಲಿ ಬಾಯಿ ತೆರೆದು ಕುಳಿತಿತ್ತು. ಕೊಡಕ್ಕಿಷ್ಟು ಎಂದು ಹಾಕಿ, ಕದಡಿ, ನಾಲಿಗೆಗೆ ಹಚ್ಚಿ ನೋಡಿ, ಸರಿ ಎನಿಸಿದ ಮೇಲೆ ನಿಲ್ಲಿಸಿದ್ದಳಂತೆ. ಆಕೆಯ ಕೈಯ ಸಾರಿಗೆ ಎಂದೂ ಉಪ್ಪು ಹೆಚ್ಚು ಕಡಿಮೆಯಾದದ್ದಿಲ್ಲ. ಸಮುದ್ರವನ್ನೂ ಸಾರಿನ ಹದಕ್ಕೆ ತಂದಿದ್ದಳು. ನಾನು ಹಾಕುವಷ್ಟು ಉಪ್ಪು ಹಾಕಿದರೆ ಮೀನಿಗೆ ಬಿ.ಪಿ. ಬರುತ್ತದೆಂದು ಆಕೆಗೆ ಮೊದಲಿನಿಂದಲೂ ಚಿಂತೆಯಿತ್ತಂತೆ. ಡಾಕ್ಟರು ಆಕೆಗೆ ಉಪ್ಪು ಬಿಡಿಸಿದಾಗಿನಿಂದ ಲೋಕದ ಎಲ್ಲ ಜೀವಿಗಳ ಬಿ.ಪಿ.ಯ ಜವಾಬ್ದಾರಿ ಆಕೆಯದೇ.

ಪಂಪು ಓಡುತ್ತಿದ್ದಷ್ಟು ಹೊತ್ತು ಎಲ್ಲ ಸರಿಯಿತ್ತು. ಕರೆಂಟು ಹೋಯಿತು, ಮೇಲಿನ ನೀರು ಕೆಳಗಿಳಿಯಿತು, ಅದರ ಜಾಗದಲ್ಲಿ ನಳದ ನೀರು ಕುಳಿತಿತ್ತು.

ಸಿಟ್ಟು ನೆತ್ತಿಗೇರಿತು. ಬಾಯಿಯವರೆಗೆ ಬಂದ ಮಾತುಗಳು ಬಹಳ ಇದ್ದವು. ಆದರೆ ಅವ್ವ ತಾಟು ಹಿಡಿದು ಬಗ್ಗಿ ನಿಂತಿದ್ದಳು. ನನ್ನ ಮುಖ ನೋಡುತ್ತಿರಲಿಲ್ಲ. ಸಿಟ್ಟು ಇಳಿದ ಜಾಗಕ್ಕೆ ಅಳು ಬಂತು. ಇಷ್ಟು ದೊಡ್ಡ ಗಂಡಸು, ಊರಿಗೆಲ್ಲ ಪಂಪು ಮಾರುವವನು, ನಾಲ್ಕು ಅಡಿ ನೀರು ಮನೆ ಬಿಟ್ಟು ಹೋಗುತ್ತದಲ್ಲ ಎಂದು ಮೂಗು ಒರೆಸಿಕೊಂಡೆ. ಹೆಂಡತಿ ಸಂಜೆಯ ಬಸ್ಸಿಗೆ ಬರುವವಳಿದ್ದಳು.

ಒರೆಸಿದೆವು. ಇಬ್ಬರೂ ಮೊಣಕಾಲೂರಿ, ಮೂಲೆ ಮೂಲೆ ಒರೆಸಿದೆವು. ಕೊನೆಗೊಮ್ಮೆ ಚೊಕ್ಕ ನೀರಿನಲ್ಲಿ ತೊಳೆಯೋಣವೆಂದು ಕೊಡಕ್ಕೆ ಕೈಹಾಕಿದರೆ ಅವ್ವ ಬಿಡಲಿಲ್ಲ. ಕುಡಿಯುವ ನೀರಿನಿಂದ ಯಾರಾದರೂ ಫರಸಿ ತೊಳೆಯುತ್ತಾರೇನು ಎಂದು ಗದರಿ, ತಾನು ಬಳಿದು ತುಂಬಿಟ್ಟಿದ್ದ ಬಕೀಟಿನ ನೀರನ್ನೇ ಮುಂದಿಟ್ಟಳು. ಮನೆಯ ತುಂಬ, ಕುಕ್ಕರಿನ ತನಕ ಸಿಹಿನೀರು ಇಟ್ಟುಕೊಂಡು ನಾವು ಉಪ್ಪುನೀರಿನ ನೆಲವನ್ನು ಉಪ್ಪುನೀರಿನಿಂದಲೇ ಒರೆಸಿದೆವು. ನನಗೂ ಆ ಗಡಿಬಿಡಿಯಲ್ಲಿ ಅದು ಸರಿಯೇ ಅನಿಸಿತು.

ಫ್ಯಾನ್ ಹಾಕಿ ಒಣಗಿಸಿದೆವು. ಒಣಗುತ್ತ ಬಂದಂತೆ ಕರಿ ಗ್ರಾನೈಟಿನ ಮೇಲೆ ಬೆಳ್ಳಗೆ ಉಪ್ಪು ಏಳತೊಡಗಿತು. ಮೊದಲು ಅಂಚಿನಲ್ಲಿ, ಆಮೇಲೆ ನಡುವೆ, ಆಮೇಲೆ ಬಾಗಿಲ ತನಕ. ನೀರು ಎಲ್ಲೆಲ್ಲಿ ಹೋಗಿತ್ತು, ಎಲ್ಲೆಲ್ಲಿ ತಿರುಗಿತ್ತು, ನಾವಿಬ್ಬರೂ ಎಲ್ಲೆಲ್ಲಿ ಮೊಣಕಾಲೂರಿದ್ದೆವು ಎಲ್ಲ ಬರೆದಿಟ್ಟಂತೆ ಸ್ಪಷ್ಟವಾಗಿತ್ತು. ಅಷ್ಟರಲ್ಲಿ ಗೇಟಿನ ಸದ್ದಾಯಿತು.

ಹೆಂಡತಿ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು ನಿಂತಳು. ನೆಲ ನೋಡಿದಳು. ಟಾಕಿ ನೋಡಿದಳು. ಆಮೇಲೆ ನನ್ನನ್ನು. ಹೆಗಲಿನ ಚೀಲ ಇಳಿಸಲಿಲ್ಲ. ನಾನು ಕರೆಂಟು, ಲೈನ್‌ಮನ್, ಹವಾಮಾನ ಎಂದು ಏನೋ ಶುರು ಮಾಡಿದೆ.

ಅಡುಗೆಮನೆಯ ಬಾಗಿಲಿನಿಂದ ಅವ್ವ ಮಾತಾಡಿದಳು.

"ಟಾಕಿ ಚೆಲ್ಲಿಲ್ಲವ್ವಾ. ನಾ ತುಂಬಿಸಿದ್ನಿ. ತಪ್ಪು ನಂದು."

ಈ ಮಾತಿನ ತೂಕ ಗೊತ್ತಾಗಬೇಕಾದರೆ ನಮ್ಮ ಮನೆಯನ್ನು ತಿಳಿದಿರಬೇಕು. ಅತ್ತೆ-ಸೊಸೆ ಜಗಳಾಡಿದವರಲ್ಲ. ಆದರೆ ಇಷ್ಟು ವರ್ಷಗಳಲ್ಲಿ ಅವ್ವ ಸೊಸೆಯ ಮುಂದೆ ಒಂದು ತಪ್ಪನ್ನೂ ಒಪ್ಪಿದವಳಲ್ಲ. ಹಾಲು ಉಕ್ಕಿದರೆ ಹಾಲಿನ ತಪ್ಪು, ರೊಟ್ಟಿ ಹೊತ್ತಿದರೆ ಹಂಚಿನ ತಪ್ಪು, ಚಷ್ಮಾ ಒಡೆದರೆ ಅದನ್ನು ಮಾಡಿದವನ ತಪ್ಪು. ನನ್ನ ಹೆಂಡತಿ ಚೀಲವನ್ನು ನಿಧಾನವಾಗಿ ಕೆಳಗಿಟ್ಟಳು, ಅದೂ ಉಪ್ಪಿನ ಮೇಲೆಯೇ.

"ಉಪ್ಪು ಹಾಕೀರೇನ್ರಿ ಅತ್ತಿ?" ಎಂದು ಕೇಳಿದಳು. ಡಬ್ಬಿ ಕಂಡಿರಬೇಕು.

"ಹೂಂ."

"ಎಷ್ಟ?"

"ರುಚಿಗೆ ತಕ್ಕಷ್ಟ."

ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಭುಜ ಕುಲುಕುತ್ತಿದ್ದವು. ಆಕೆ ಅಳುತ್ತಿದ್ದಾಳೆಂದು ಅವ್ವ ಗಾಬರಿಯಾದಳು, ನಾನೂ ಆದೆ. ಆಕೆ ಗೋಡೆಗೆ ಆತು ಕುಳಿತು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಅವ್ವನಿಗೆ ಇದರಲ್ಲಿ ನಗುವಂಥದ್ದೇನೆಂದು ಇಂದಿಗೂ ತಿಳಿದಿಲ್ಲ. ಆಮೇಲೆ ಹೆಂಡತಿ ಕಣ್ಣೊರೆಸಿಕೊಂಡು, ಪಾಠ ಹೇಳುವ ದನಿಯಲ್ಲಿ ತೀರ್ಪು ಕೊಟ್ಟಳು. ತಾನು ಹೇಳಿದ್ದು ಟಾಕಿ ತಾನಾಗಿ ಚೆಲ್ಲಿದರೆ ಎಂದು. ಮನೆಯ ಹಿರಿಯರು ತುಂಬಿಸಿ ಚೆಲ್ಲಿದರೆ ಅದು ಬೇರೆ ಲೆಕ್ಕ, ಅದಕ್ಕೆ ತಾನು ಷರತ್ತು ಹಾಕಿಲ್ಲ. ಹಾಗೆ ಹೇಳಿ ಎದ್ದು, ಅವ್ವ ಬೇಡ ಬೇಡ ಅನ್ನುತ್ತಿದ್ದಂತೆಯೇ, ಒಂದು ಕೊಡ ಕುಡಿಯುವ ನೀರು ತಂದು ಫರಸಿಯ ಮೇಲೆ ಸುರಿದಳು.

ಮೀನುಗಳಿಗೆ ಏನೂ ಆಗಲಿಲ್ಲ. ಹವಳ ಮಾತ್ರ ಮುಷ್ಟಿ ಬಿಗಿ ಹಿಡಿದು ಕುಳಿತುಬಿಟ್ಟಿತು. ನಾನು ನೀರು ಬದಲಿಸುತ್ತ, ಉಪ್ಪು ಅಳೆಯುತ್ತ, ಅದರ ಮುಖ ನೋಡುತ್ತ ದಿನ ಕಳೆದೆ. ಅವ್ವ ಅದರ ಹತ್ತಿರ ಬರುತ್ತಿರಲಿಲ್ಲ, ದೂರದಿಂದಲೇ ಇವತ್ತು ಹೇಗಿದೆ ಎಂದು ಕೇಳುತ್ತಿದ್ದಳು. ಒಂದು ಸಂಜೆ ಅಂಗಡಿಯಿಂದ ಬಂದಾಗ ಅದರ ಒಂದೊಂದೇ ಬೆರಳು ಬಿಚ್ಚಿಕೊಳ್ಳುತ್ತಿತ್ತು. ಅವ್ವನನ್ನು ಕೂಗಿ ಕರೆದೆ. ಬಂದು ಪಕ್ಕದಲ್ಲಿ ಕುಳಿತಳು. ನೀರು ಬಂದತ್ತ ಅದು ಬಾಗುವುದನ್ನು ಇಬ್ಬರೂ ನೋಡಿದೆವು.

ಆಗ ಕೇಳಿದೆ. ಮೊದಲಿನಿಂದಲೂ ಇದನ್ನು ಬೈಯುತ್ತ ಬಂದವಳು ನೀನು. ಸುಮ್ಮನಿದ್ದಿದ್ದರೆ ಅಂದೇ ಇದು ಮನೆ ಬಿಟ್ಟು ಹೋಗುತ್ತಿತ್ತು, ನಿನಗೂ ತಾಪತ್ರಯ ತಪ್ಪುತ್ತಿತ್ತು. ಸೊಸೆಯ ಮುಂದೆ ಯಾಕೆ ಒಪ್ಪಿಕೊಂಡೆ ಎಂದೆ.

ಅವ್ವ ಟಾಕಿಯ ಹಿಂದಿನ ಗೋಡೆಯ ಕಡೆ ಕೈ ತೋರಿಸಿದಳು.

"ನಿಮ್ಮಪ್ಪನೂ ಅಂಗಡಿಯಿಂದ ಬಂದು ಇಲ್ಲೇ ಕುಂದರತಿದ್ರು. ಬರೇ ಗ್ವಾಡಿ ನೋಡ್ಕೋಂತ. ನಾ ಏನರ ಕೇಳಿದ್ರ, ಏನಿಲ್ಲ ಅಂತಿದ್ರು. ಸಾಯೂ ತನಕ ಹಂಗ ಕುಂತ್ರು. ನೀ ಮೀನರ ನೋಡಾಕತ್ತಿ."